ಓದುಗರ ಪ್ರಶ್ನೆಗಳು: ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ

ಸಾಗರ ತಾಲ್ಲೂಕಿನ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ 2025ರ ಜುಲೈ 14ರಂದು ಸಂಚಾರಕ್ಕೆ ತೆರೆಯಿತು. ಸಿಗಂದೂರು ಸೇತುವೆ ಎಂದೇ ಜನ ಕರೆಯುವ ಇದರ ಇತಿಹಾಸ, ಕಟ್ಟಿದ ಬಗೆ, ಮುಂದಿನ ನಿರ್ವಹಣೆ ಕುರಿತು ಬಂದ ಪ್ರಶ್ನೆಗಳಲ್ಲಿ ಆಯ್ದವಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಶರಾವತಿ ಅಷ್ಟೇನೂ ಅಗಲದ ಹೊಳೆಯಲ್ಲ. ಅದಕ್ಕೆ ಎರಡು ಕಿಲೋಮೀಟರ್ ದಾಟಿದ ಸೇತುವೆ ಯಾಕೆ ಬೇಕಾಯಿತು?
– ಕಾಲೇಜು ವಿದ್ಯಾರ್ಥಿನಿ, ದಾವಣಗೆರೆ

ಈ ಸೇತುವೆಯ ಕೆಳಗೆ ಇರುವುದು ಲಿಂಗನಮಕ್ಕಿ ಜಲಾಶಯದ ಹಿನ್ನೀರು. ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ, ಸಂಗ್ರಹ ಸಾಮರ್ಥ್ಯ 151 ಟಿಎಂಸಿ ಅಡಿಗೂ ಮೇಲೆ. ನೀರು ಏರಿದಂತೆ ಹೊಳೆಯ ಎರಡೂ ಬದಿಯ ಗದ್ದೆ, ತೋಟ, ಊರು, ಗಾಡಿದಾರಿ ಎಲ್ಲ ಮುಳುಗಿದವು. ಹಿರೇಭಾಸ್ಕರದ ಹಳೆಯ ಅಣೆಕಟ್ಟೆಯೂ ಈ ನೀರಿನಡಿಗೆ ಹೋಯಿತು. ಬೇಸಿಗೆಯಲ್ಲಿ ಮಟ್ಟ ತೀರಾ ಇಳಿದ ವರ್ಷಗಳಲ್ಲಿ ಅದರ ಕಟ್ಟಡ ಈಗಲೂ ಮೇಲೆ ಕಾಣಿಸುತ್ತದೆ.

ತುಮರಿ, ಬ್ಯಾಕೋಡು, ಕಳಸವಳ್ಳಿ, ಸಿಗಂದೂರು ಸೇರಿದ ಕರೂರು–ಬಾರಂಗಿ ಹೋಬಳಿಗಳ ಊರುಗಳು ನೀರಿನ ಆಚೆ ದಡದಲ್ಲಿ ಉಳಿದುಕೊಂಡವು. ತಾಲ್ಲೂಕು ಕೇಂದ್ರ ಸಾಗರವೇ ಆದರೂ ಅಲ್ಲಿಗೆ ನೇರ ರಸ್ತೆ ಇರಲಿಲ್ಲ. ನೆಲದ ಮೇಲೆಯೇ ಹೋಗಬೇಕೆಂದರೆ ಹೊಸನಗರ–ನಗರ–ನಿಟ್ಟೂರು ಕಡೆಯಿಂದಲೋ, ಕಾರ್ಗಲ್–ಕೋಗಾರು ಕಡೆಯಿಂದಲೋ 80 ಕಿ.ಮೀ. ಆಸುಪಾಸು ಸುತ್ತಬೇಕಿತ್ತು. ಸೇತುವೆ ಬಂದ ಮೇಲೆ ಅದು ಹೆಚ್ಚೂಕಡಿಮೆ ಅರ್ಧಕ್ಕೆ ಇಳಿದಿದೆ. ಶರಾವತಿ ವಿದ್ಯುದಾಗಾರದ 1035 ಮೆಗಾವಾಟ್ ಸಾಮರ್ಥ್ಯದ ಬೆನ್ನಿಗಿರುವ ನೀರು ಇದೇ. ಅದಕ್ಕಾಗಿ ನೆಲ ಕಳೆದುಕೊಂಡ ಊರುಗಳು ಒಂದು ರಸ್ತೆಗೆ ಅರವತ್ತು ವರ್ಷ ಕಾದವು ಎಂಬುದನ್ನು ಈ ಸೇತುವೆಯ ಇತಿಹಾಸ ಬರೆಯುವವರು ಮೊದಲ ಸಾಲಿನಲ್ಲೇ ಬರೆಯಬೇಕು.

ಲಾಂಚ್ ಇತ್ತಲ್ಲ? ಅದರಲ್ಲಿ ಕಾರು, ಜೀಪು ಎಲ್ಲ ದಾಟುತ್ತಿದ್ದವು. ಹಾಗಿದ್ದೂ ಸೇತುವೆಗೆ ಅಷ್ಟು ಒತ್ತಾಯ ಯಾಕಿತ್ತು?
– ನಿವೃತ್ತ ಶಿಕ್ಷಕರು, ತುಮಕೂರು

ಲಾಂಚಿನ ಉಪಕಾರ ದೊಡ್ಡದು. ಒಳನಾಡು ಜಲಸಾರಿಗೆ ಇಲಾಖೆಯ ಸಿಬ್ಬಂದಿ ಮಳೆ ಗಾಳಿ ಎನ್ನದೆ ಅದನ್ನು ನಡೆಸಿಕೊಂಡು ಬಂದರು. ಆದರೆ ಲಾಂಚಿಗೆ ಎರಡು ಮಿತಿಗಳಿದ್ದವು, ಎರಡೂ ಮನುಷ್ಯರ ಕೈ ಮೀರಿದವು.

ಮೊದಲನೆಯದು ಕತ್ತಲೆ. ಸಂಜೆಯ ಕೊನೆಯ ಲಾಂಚ್ ಹೋದ ಮೇಲೆ ದಾರಿ ಮುಗಿಯಿತು. ರಾತ್ರಿ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಎದೆನೋವು ಕಾಣಿಸಿಕೊಂಡರೆ ಸುತ್ತುದಾರಿಯೇ ಗತಿ. ಹಗಲಿನಲ್ಲೂ ನೀರಿನ ಮೇಲಿನ ಪಯಣ ಹತ್ತಿಪ್ಪತ್ತು ನಿಮಿಷದ್ದಾದರೆ, ಜಾತ್ರೆ ಮತ್ತು ರಜೆಯ ದಿನ ಲಾಂಚ್ ಹತ್ತುವ ಜಾಗವಾದ ಹೊಳೆಬಾಗಿಲಿನ ಸರತಿಯಲ್ಲಿ ಕಾಯುವುದು ಗಂಟೆಗಟ್ಟಲೆ.

ಎರಡನೆಯದು ಬೇಸಿಗೆ. ವಿದ್ಯುತ್ತಿಗೆ ನೀರು ಬಿಟ್ಟಂತೆ ಮಟ್ಟ ಇಳಿಯುತ್ತದೆ. ಮಳೆಗಾಲಕ್ಕೆ ಮುಂಚೆ 1750 ಅಡಿಗಿಂತ ಕೆಳಗೆ ಹೋದ ವರ್ಷಗಳೂ ಉಂಟು. ಅಂದರೆ ತುಂಬಿದ ಮಟ್ಟಕ್ಕಿಂತ 70 ಅಡಿ ಕೆಳಗೆ. ದಡದ ಇಳಿಜಾರು 20 ಅಡಿಗೆ 1 ಅಡಿಯಂತೆ ಇದ್ದರೆ, ನೀರು 1 ಅಡಿ ಇಳಿದಾಗ ನೀರಿನಂಚು 20 ಅಡಿ ಹಿಂದೆ ಸರಿಯುತ್ತದೆ. ಗಟ್ಟಿ ಮಾಡಿಟ್ಟ ಇಳಿದಾಣ ಒಣನೆಲದಲ್ಲಿ ಉಳಿದು, ಲಾಂಚ್ ಬಂದು ತಾಗಬೇಕಾದ ಜಾಗ ಕೆಸರಾಗುತ್ತದೆ. ಮುಳುಗಡೆಯ ಕಾಲದ ಮರದ ಬೊಡ್ಡೆಗಳು ತಳಕ್ಕೆ ಹತ್ತಿರ ಬರುತ್ತವೆ. ವಾಹನ ಹೇರಿದಷ್ಟೂ ಲಾಂಚ್ ಆಳಕ್ಕೆ ಕೂರುತ್ತದೆ: 15 ಮೀಟರ್ ಉದ್ದ, 6 ಮೀಟರ್ ಅಗಲದ ಚಪ್ಪಟೆ ತಳದ ದೋಣಿಗೆ 9 ಟನ್ ಹೆಚ್ಚಿಗೆ ಹೇರಿದರೆ ಅದು ಸುಮಾರು 10 ಸೆಂ.ಮೀ. ಹೆಚ್ಚು ಮುಳುಗುತ್ತದೆ ಎಂದು ಲೆಕ್ಕ ಹಾಕಬಹುದು. ಹೀಗಾಗಿ ನೀರು ಕಡಿಮೆಯಾದಾಗ ಮೊದಲು ವಾಹನ ನಿಲ್ಲಿಸಿ ಜನರನ್ನಷ್ಟೇ ಸಾಗಿಸುತ್ತಿದ್ದರು. ಆಗ ಅಡಿಕೆ ಮೂಟೆ, ಗೊಬ್ಬರ, ಸಿಮೆಂಟು, ಗ್ಯಾಸ್ ಸಿಲಿಂಡರ್ ಎಲ್ಲಕ್ಕೂ ಸುತ್ತುದಾರಿಯ ಬಾಡಿಗೆ ಬೀಳುತ್ತಿತ್ತು.

ಶಂಕುಸ್ಥಾಪನೆ ಯಾವಾಗ ಆಯಿತು, ಕೆಲಸಕ್ಕೆ ಎಷ್ಟು ಕಾಲ ಹಿಡಿಯಿತು, ಖರ್ಚೆಷ್ಟು?
– ಅಡಿಕೆ ಬೆಳೆಗಾರರು, ಶಿರಸಿ

2018ರ ಫೆಬ್ರುವರಿಯಲ್ಲಿ ಕೇಂದ್ರ ಹೆದ್ದಾರಿ ಸಚಿವ ನಿತಿನ್ ಗಡ್ಕರಿ ಶಂಕುಸ್ಥಾಪನೆ ಮಾಡಿದರು. ಕೆಲಸ ಶುರುವಾದದ್ದು 2019ರ ಕೊನೆಗೆ. ಉದ್ಘಾಟನೆಯೂ ಅವರಿಂದಲೇ, 2025ರ ಜುಲೈಯಲ್ಲಿ. ಖರ್ಚು ಸುಮಾರು 473 ಕೋಟಿ ರೂಪಾಯಿ. ಒಟ್ಟು ಉದ್ದ 2.44 ಕಿ.ಮೀ., ಅಗಲ 16 ಮೀಟರ್, ಎರಡೂ ಬದಿಗೆ ಕಾಲುದಾರಿ. ಇದು ರಾಷ್ಟ್ರೀಯ ಹೆದ್ದಾರಿ 369ಇ ಮೇಲಿದೆ. ಹೆದ್ದಾರಿ ಎಂದು ಘೋಷಣೆಯಾಗಿದ್ದೇ ಕೇಂದ್ರದ ಹಣಕ್ಕೆ ಬಾಗಿಲು ತೆರೆಯಿತು. ಹಳ್ಳಿ ರಸ್ತೆಯಾಗಿಯೇ ಉಳಿದಿದ್ದರೆ ಇಷ್ಟು ಮೊತ್ತ ಒದಗುವುದು ಕಷ್ಟವಿತ್ತು.

ನಡುಭಾಗದಲ್ಲಿ ಹಳದಿ ಕೇಬಲ್ಲು, ಬದಿಯಲ್ಲಿ ಬರೀ ಕಂಬ. ಇದನ್ನು ಕೇಬಲ್ ಸೇತುವೆ ಎನ್ನಬೇಕೆ? ಕೇಬಲ್ಲಿನ ಗೋಪುರ ಅಷ್ಟು ಕುಳ್ಳಗಿರುವುದೇಕೆ?
– ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ದಡದಿಂದ ಹೊರಟ ಎರಡೂ ಬದಿಯ ಉದ್ದದ ಭಾಗ ಮಾಮೂಲಿ ಗರ್ಡರ್ (ಕಂಬದಿಂದ ಕಂಬಕ್ಕೆ ತೊಲೆ ಹೊರಿಸಿದ) ಸೇತುವೆ; ಅಲ್ಲಿ ನೀರು ಆಳವಿಲ್ಲ, ಹತ್ತಿರ ಹತ್ತಿರ ಕಂಬ ನಿಲ್ಲಿಸುವುದು ಅಗ್ಗ. ಹಳೆಯ ಹೊಳೆಯ ಪಾತ್ರವಿರುವ ಆಳದ ಕಡೆ ಒಂದೊಂದು ಅಡಿಪಾಯವೂ ದುಬಾರಿ ಮತ್ತು ಅಪಾಯದ ಕೆಲಸ. ಅಲ್ಲಿ ಕಂಬಗಳ ಸಂಖ್ಯೆ ಇಳಿಸಿ, ನಡುವಿನ ಅಂತರವನ್ನು ನೂರು ಮೀಟರಿಗೂ ಮೇಲೆ ಒಯ್ದು, ಸುಮಾರು 740 ಮೀಟರ್ ಉದ್ದಕ್ಕೆ ಕೇಬಲ್ ಬಳಸಿದ್ದಾರೆ.

ಈ ಬಗೆಯ ಹೆಸರು ಎಕ್ಸ್‌ಟ್ರಾಡೋಸ್ಡ್. ಪೂರ್ಣ ಕೇಬಲ್ ಸೇತುವೆಯಲ್ಲಿ ರಸ್ತೆಯ ಹೊರೆಯ ಬಹುಪಾಲು ಕೇಬಲ್ಲಿನ ಮೇಲೆ. ಗೋಪುರದ ಎತ್ತರ ಅಂತರದ ನಾಲ್ಕನೇ ಅಥವಾ ಐದನೇ ಒಂದು ಭಾಗ. ಎಕ್ಸ್‌ಟ್ರಾಡೋಸ್ಡ್‌ನಲ್ಲಿ ಕಾಂಕ್ರೀಟ್ ಪೆಟ್ಟಿಗೆ ಗರ್ಡರೇ ಗಟ್ಟಿ, ಕೇಬಲ್ಲು ಅದಕ್ಕೆ ಆಸರೆ. ಗೋಪುರ ಅಂತರದ ಎಂಟರಿಂದ ಹದಿನೈದನೇ ಒಂದು ಭಾಗವಿದ್ದರೆ ಸಾಕು. 150 ಮೀಟರ್ ಅಂತರಕ್ಕೆ ಮೊದಲನೆಯದರಲ್ಲಿ 30ರಿಂದ 37 ಮೀಟರ್ ಗೋಪುರ ಬೇಕಾದರೆ, ಎರಡನೆಯದರಲ್ಲಿ 10ರಿಂದ 19 ಮೀಟರ್.

ಇನ್ನೊಂದು ಲಾಭ ಲೆಕ್ಕದ ಹಾಳೆಯಲ್ಲಿ ಸಿಗುತ್ತದೆ. ಕೇಬಲ್ಲಿನ ಒಂದೊಂದು ಎಳೆ 15.2 ಮಿ.ಮೀ. ವ್ಯಾಸದ್ದು, ಏಳು ತಂತಿ ಹೊಸೆದದ್ದು. ಅದು ತುಂಡಾಗಲು ಸುಮಾರು 26 ಟನ್ ಸೆಳೆತ ಬೇಕು. ವಾಹನ ಓಡಾಡಿದಾಗ ಸೆಳೆತ ಏರಿಳಿದಷ್ಟೂ ತಂತಿ ದಣಿಯುತ್ತದೆ. ಆದ್ದರಿಂದ ಪೂರ್ಣ ಕೇಬಲ್ ಸೇತುವೆಯಲ್ಲಿ ಆ 26 ಟನ್ನಿನ ಶೇ 45ರಷ್ಟನ್ನೇ ಬಳಸುವುದು ವಾಡಿಕೆ. ಎಕ್ಸ್‌ಟ್ರಾಡೋಸ್ಡ್‌ನಲ್ಲಿ ಏರಿಳಿತ ಕಡಿಮೆ, ಶೇ 60ರವರೆಗೆ ಹೋಗಬಹುದು. ಅದೇ ಎಳೆಯಿಂದ 12 ಟನ್ ಬದಲು 15 ಟನ್ನಿಗೂ ಹೆಚ್ಚು ಕೆಲಸ. 1994ರಲ್ಲಿ ಜಪಾನಿನ ಒಡವಾರಾದಲ್ಲಿ ಈ ಬಗೆಯ ಸೇತುವೆ ನಿಂತ ಮೇಲೆ ಇದು ಬೇರೆಡೆ ಹಬ್ಬಿತು. ನಮ್ಮ ದೇಶದಲ್ಲಿ ಕೋಲ್ಕತ್ತದ ನಿವೇದಿತಾ ಸೇತು ಮತ್ತು ಭರೂಚ್ ಬಳಿಯ ನರ್ಮದಾ ಸೇತುವೆ ಇದೇ ಜಾತಿಯವು.

ಅಷ್ಟು ಆಳದ ನೀರಿನೊಳಗೆ ಕಾಂಕ್ರೀಟ್ ಹಾಕಿದರೆ ಸಿಮೆಂಟು ತೊಳೆದು ಹೋಗುವುದಿಲ್ಲವೇ?
– ಗಾರೆ ಕೆಲಸದ ಮೇಸ್ತ್ರಿ, ತೀರ್ಥಹಳ್ಳಿ

ಮೇಲಿಂದ ಸುರಿದರೆ ಖಂಡಿತ ತೊಳೆದು ಹೋಗುತ್ತದೆ. ಜಲ್ಲಿ ಒಂದು ಕಡೆ, ಮರಳು ಒಂದು ಕಡೆ ಕೂತು ಸಿಮೆಂಟು ಹಾಲಾಗಿ ತೇಲುತ್ತದೆ. ಅದಕ್ಕೇ ಟ್ರೆಮಿ ಕೊಳವೆ ಬಳಸುತ್ತಾರೆ. ಆಳನೀರಿನಲ್ಲಿ ಪೈಲ್ (ಬಂಡೆಯವರೆಗೆ ಇಳಿಸುವ ಅಡಿಪಾಯದ ಕಂಬ) ಹಾಕುವ ಕ್ರಮ ಸಾಮಾನ್ಯವಾಗಿ ಹೀಗೆ.

ತೇಲುವ ಬಾರ್ಜ್ ಮೇಲೆ ಕ್ರೇನ್ ನಿಲ್ಲಿಸಿ, ಉಕ್ಕಿನ ದೊಡ್ಡ ಕೊಳವೆಯನ್ನು (ಲೈನರ್) ಜಲಾಶಯದ ತಳದ ಮಣ್ಣಿಗೆ ಇಳಿಸುತ್ತಾರೆ. ಅದರೊಳಗೆ ಕೊರೆಯುತ್ತಾ ಗಟ್ಟಿ ಬಂಡೆ ಸಿಕ್ಕಿದ ಮೇಲೂ ಲೆಕ್ಕದಲ್ಲಿ ಹೇಳಿದಷ್ಟು ಆಳ ಬಂಡೆಯೊಳಗೆ ಹೋಗುತ್ತಾರೆ. ತಳದ ಹೂಳು ತೆಗೆದು, ಕಬ್ಬಿಣದ ಪಂಜರ ಇಳಿಸಿ, ಅದರ ನಡುವೆ 200–250 ಮಿ.ಮೀ. ವ್ಯಾಸದ ಟ್ರೆಮಿ ಕೊಳವೆಯನ್ನು ತಳದವರೆಗೆ ಬಿಡುತ್ತಾರೆ. ಕಾಂಕ್ರೀಟು ಆ ಕೊಳವೆಯಲ್ಲಿ ಇಳಿದು ತಳದಿಂದ ಮೇಲಕ್ಕೆ ತುಂಬುತ್ತಾ ನೀರನ್ನು ಮೇಲೆ ತಳ್ಳುತ್ತದೆ. ನೀರಿಗೆ ತಾಗುವುದು ಮೊದಲು ಬಿದ್ದ ಪದರ ಮಾತ್ರ. ಕೊನೆಗೆ ಆ ಕೆಟ್ಟ ಪದರ ಪೈಲಿನ ತಲೆಗೆ ಬರುತ್ತದೆ, ಅದನ್ನು ಒಡೆದು ತೆಗೆಯುತ್ತಾರೆ.

ಮಿಶ್ರಣ ನೀವು ಛಾವಣಿಗೆ ಹಾಕುವುದಕ್ಕಿಂತ ಸಡಿಲ: ಸ್ಲಂಪ್ (ಅಚ್ಚು ತೆಗೆದಾಗ ಹಸಿ ಕಾಂಕ್ರೀಟು ಕುಸಿಯುವ ಅಳತೆ) 150ರಿಂದ 200 ಮಿ.ಮೀ. ವೈಬ್ರೇಟರ್ ಇಳಿಸಲು ಬರುವುದಿಲ್ಲವಾದ್ದರಿಂದ ಅದು ತಾನಾಗಿಯೇ ಹರಡಿಕೊಳ್ಳಬೇಕು. ನೀರು ಸುರಿದು ಸಡಿಲ ಮಾಡುವುದಲ್ಲ, ಅಡ್ಮಿಕ್ಸ್ಚರ್ ಎಂಬ ರಾಸಾಯನಿಕ ಹಾಕಿ ಮಾಡುವುದು.

ತಪ್ಪಾಗುವುದು ಎರಡು ಕಡೆ. ಕೊಳವೆಯ ತುದಿ ಯಾವಾಗಲೂ ಹಸಿ ಕಾಂಕ್ರೀಟಿನೊಳಗೆ ಕನಿಷ್ಠ ಒಂದೂವರೆ ಎರಡು ಮೀಟರ್ ಹುದುಗಿರಬೇಕು. ಅವಸರದಲ್ಲಿ ಮೇಲೆ ಎಳೆದುಬಿಟ್ಟರೆ ನೀರು ನುಗ್ಗಿ ನಡುವೆ ಮಣ್ಣು ಮಿಶ್ರಿತ ಪದರ ಸೇರಿಕೊಳ್ಳುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಇನ್ನೊಂದು, ನಡುವೆ ನಿಲ್ಲಿಸುವುದು. 1.5 ಮೀಟರ್ ವ್ಯಾಸ, 30 ಮೀಟರ್ ಆಳದ ಒಂದು ಪೈಲಿಗೆ 53 ಘನ ಮೀಟರ್ ಕಾಂಕ್ರೀಟು ಬೇಕು, 6 ಘನ ಮೀಟರಿನ ಮಿಕ್ಸರ್ ಲಾರಿಗೆ ಒಂಬತ್ತು ಟ್ರಿಪ್ಪು. ಅದಷ್ಟೂ ನೀರಿನ ಮೇಲೆ ಸಾಗಿ ಬರಬೇಕು ಇಲ್ಲವೇ ದಡದಿಂದ ಪಂಪ್ ಆಗಬೇಕು. ಪಂಪು ಕೆಟ್ಟು ಒಳಗಿನದು ಸೆಟ್ ಆಯಿತೆಂದರೆ ಆ ಪೈಲ್ ಸಂಶಯಕ್ಕೆ ಬಿತ್ತು. ಹಾಗಾಗಿ ಬದಲಿ ಪಂಪು, ಬದಲಿ ಜನರೇಟರು ಸಿದ್ಧವಿಲ್ಲದೆ ಸುರಿಯಲು ಶುರು ಮಾಡುವುದೇ ಇಲ್ಲ. ಆಮೇಲೆ ಪಂಜರಕ್ಕೆ ಮೊದಲೇ ಕಟ್ಟಿದ ಸಣ್ಣ ಕೊಳವೆಗಳಲ್ಲಿ ಧ್ವನಿ ತರಂಗ ಹಾಯಿಸಿ ಒಳಗೆ ಪೊಳ್ಳಿದೆಯೇ ಎಂದು ನೋಡುತ್ತಾರೆ.

ಕೆಳಗೆ ಸೆಂಟ್ರಿಂಗ್ ಇಲ್ಲದೆ ನೀರಿನ ಮೇಲೆ ಸ್ಲ್ಯಾಬ್ ಹೇಗೆ ಬೆಳೆಯಿತು?
– ಓದುಗರು, ಹೊಸನಗರ

ಕಂಬದ ತಲೆಯಿಂದ ಎರಡೂ ದಿಕ್ಕಿಗೆ ಸಮಸಮ ಬೆಳೆಸುತ್ತಾರೆ, ಕಾವಡಿಯ ಎರಡು ಬದಿ ತೂಗಿದಂತೆ. ಈಗಾಗಲೇ ಗಟ್ಟಿಯಾದ ತುಂಡಿಗೆ ಉಕ್ಕಿನ ಚೌಕಟ್ಟೊಂದು ಕಚ್ಚಿಕೊಂಡು ಮುಂದಕ್ಕೆ ಚಾಚಿರುತ್ತದೆ. ಅದರಲ್ಲಿ ಮೂರರಿಂದ ಐದು ಮೀಟರ್ ಉದ್ದದ ಮುಂದಿನ ತುಂಡಿನ ಕಬ್ಬಿಣ ಕಟ್ಟಿ, ಕಾಂಕ್ರೀಟು ಹಾಕಿ, ಬಲ ಬಂದ ಮೇಲೆ ಒಳಗಿನ ಉಕ್ಕಿನ ಎಳೆಗಳನ್ನು ಜಾಕ್‌ನಿಂದ ಬಿಗಿದು, ಚೌಕಟ್ಟನ್ನು ಮುಂದೆ ಸರಿಸುತ್ತಾರೆ. ಒಂದು ಸುತ್ತಿಗೆ ವಾರ ಹತ್ತು ದಿನ. ಕೇಬಲ್ ಸಿಗಿಸುವ ತುಂಡು ಬಂದಾಗ ಗೋಪುರದ ಕಡೆಯಿಂದ ಕೇಬಲ್ಲೂ ಸೇರುತ್ತದೆ.

ಪ್ರತಿ ಹಂತದಲ್ಲೂ ಮಟ್ಟ ಅಳೆಯುವುದೇ ದೊಡ್ಡ ಕೆಲಸ. ಕಾಂಕ್ರೀಟು ತಿಂಗಳುಗಟ್ಟಲೆ ನಿಧಾನವಾಗಿ ಬಾಗುತ್ತದೆ, ಬಿಸಿಲಿಗೆ ಮೇಲ್ಮೈ ಹಿಗ್ಗಿ ತುದಿ ಏಳುಬೀಳು ಮಾಡುತ್ತದೆ. ಆದ್ದರಿಂದ ಬೆಳಗಿನ ಜಾವ, ಬಿಸಿಲೇರುವ ಮುಂಚೆ ಅಳೆಯುತ್ತಾರೆ. ಮುಂದೆ ಬಾಗುವಷ್ಟನ್ನು ಮೊದಲೇ ಎತ್ತರಿಸಿ ಹಾಕುತ್ತಾರೆ. ಎರಡು ತೋಳುಗಳು ನಡುವೆ ಸೇರುವಾಗ ಮಟ್ಟ ಒಂದಾಗಿ ಕೂರುವುದು ಹೀಗೆ.

ದೇಶದಲ್ಲೇ ಎರಡನೇ ಅತಿ ಉದ್ದದ ಕೇಬಲ್ ಸೇತುವೆ ಎಂಬುದು ನಿಜವೇ?
– ಓದುಗರು, ಕಲಬುರಗಿ

ಗುಜರಾತಿನ ಓಖಾ–ಬೇಟ್ ದ್ವಾರಕಾ ನಡುವಿನ ಸುದರ್ಶನ ಸೇತುವಿನ ಜೊತೆ ಹೋಲಿಸಿ ಆ ಮಾತು ಹುಟ್ಟಿತು. ಅಲ್ಲಿ ಕೇಬಲ್ ಭಾಗ 900 ಮೀಟರ್, ಇಲ್ಲಿ ಸುಮಾರು 740. ಹೋಲಿಸುವಾಗ 2.44 ಕಿ.ಮೀ. ಎಂಬ ಒಟ್ಟು ಉದ್ದವನ್ನು ಕೇಬಲ್ಲಿನ ಲೆಕ್ಕಕ್ಕೆ ಹಿಡಿಯಬಾರದು. ನಮ್ಮ ಅಭಿಪ್ರಾಯದಲ್ಲಿ ಈ ಪಟ್ಟಕ್ಕಿಂತ ರಾತ್ರಿ ಹನ್ನೆರಡಕ್ಕೆ ಆಂಬುಲೆನ್ಸ್ ದಾಟುತ್ತದೆ ಎಂಬುದೇ ಈ ಸೇತುವೆಯ ದೊಡ್ಡ ಗುರುತು.

ಉದ್ಘಾಟನೆಗೆ ಮುಂಚೆ ತುಂಬಿದ ಟಿಪ್ಪರ್‌ಗಳನ್ನು ಸೇತುವೆ ಮೇಲೆ ಸಾಲಾಗಿ ನಿಲ್ಲಿಸುತ್ತಾರಲ್ಲ, ಅದರಿಂದ ಏನು ತಿಳಿಯುತ್ತದೆ?
– ಲಾರಿ ಮಾಲೀಕರು, ಚಿತ್ರದುರ್ಗ

ಅದು ಭಾರ ಪರೀಕ್ಷೆ. ತೂಗಿದ ಟಿಪ್ಪರ್‌ಗಳನ್ನು ಹಂತ ಹಂತವಾಗಿ ನಿಲ್ಲಿಸಿ ಸ್ಪ್ಯಾನ್ (ಎರಡು ಕಂಬದ ನಡುವಿನ ಭಾಗ) ಎಷ್ಟು ಮಿ.ಮೀ. ಬಾಗಿತು ಎಂದು ಅಳೆಯುತ್ತಾರೆ. ಪೂರ್ಣ ಭಾರವನ್ನು 24 ಗಂಟೆ ಇಟ್ಟು, ತೆಗೆದು, ಮತ್ತೆ 24 ಗಂಟೆ ಬಿಟ್ಟು ಅಳೆಯುತ್ತಾರೆ. ಉಕ್ಕಿನ ಎಳೆ ಬಿಗಿದ ಕಾಂಕ್ರೀಟ್ ಸೇತುವೆ ತಾನು ಬಾಗಿದ್ದರಲ್ಲಿ ಕನಿಷ್ಠ ಶೇ 85ರಷ್ಟು ಹಿಂದಕ್ಕೆ ಬರಬೇಕು, ಸಾಧಾರಣ ಆರ್‌ಸಿಸಿ ಆದರೆ ಶೇ 75. ಬಾಗುವುದು ದೋಷವಲ್ಲ, ಬಾಗಿದ್ದು ಮರಳಿ ಬಾರದಿದ್ದರೆ ಒಳಗೆಲ್ಲೋ ಬಿರುಕು ಬಿಟ್ಟಿದೆ ಎಂದರ್ಥ.

ಕಾಳಿ ಸೇತುವೆ ಕುಸಿದದ್ದನ್ನು ಕಂಡವರು ನಾವು. ಈ ಹೊಸ ಸೇತುವೆಗೆ ಅಂಥದ್ದು ಬಾರದಂತೆ ಏನು ಮಾಡಬೇಕು?
– ಓದುಗರು, ಕಾರವಾರ

ನಿಮ್ಮ ಆತಂಕಕ್ಕೆ ಆಧಾರವಿದೆ. 2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ ಕೋಡಿಬಾಗ–ಸದಾಶಿವಗಡ ನಡುವಿನ ಹಳೆಯ ಸೇತುವೆ ಕುಸಿದು ಲಾರಿಯೊಂದು ಕಾಳಿಗೆ ಬಿತ್ತು, ಚಾಲಕರು ಬದುಕುಳಿದರು. ಇನ್ನೂ ಹಿಂದಕ್ಕೆ ಹೋದರೆ 1986ರ ಜುಲೈ 5ರಂದು ಪಣಜಿಯ ಮಾಂಡೋವಿ ಸೇತುವೆ ಬಿತ್ತು. ಅದಕ್ಕೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಕಾಂಕ್ರೀಟಿನೊಳಗಿನ ಬಿಗಿದ ಉಕ್ಕಿನ ತಂತಿಗಳು ತುಕ್ಕು ಹಿಡಿದಿದ್ದವು. 1992ರಲ್ಲಿ ಬದಲಿ ಸೇತುವೆ ಬರುವವರೆಗೆ ಕರಾವಳಿ ಹೆದ್ದಾರಿ ಮತ್ತೆ ದೋಣಿಯನ್ನು ನೆಚ್ಚಿಕೊಳ್ಳಬೇಕಾಯಿತು.

ಮಾಮೂಲಿ ಕಬ್ಬಿಣಕ್ಕೆ ತುಕ್ಕು ಹಿಡಿದರೆ ಅದು ಉಬ್ಬಿ ಕಾಂಕ್ರೀಟು ಸಿಡಿಯುತ್ತದೆ, ಕಣ್ಣಿಗೆ ಬೀಳುತ್ತದೆ. ಬಿಗಿದ ಎಳೆಗಳಿರುವುದು ಕೊಳವೆಯೊಳಗೆ. ಎಳೆ ಬಿಗಿದ ಮೇಲೆ ಆ ಕೊಳವೆಗೆ ಸಿಮೆಂಟು ಹಾಲು ತುಂಬಬೇಕು. ಅದು ನೀರಾಗಿದ್ದರೆ ಸಿಮೆಂಟು ಕೆಳಗೆ ಕೂತು, ಮೇಲೆ ನೀರು ನಿಂತು, ಆಮೇಲೆ ಆರಿ ಪೊಳ್ಳಾಗುತ್ತದೆ. ತುಕ್ಕು ಶುರುವಾಗುವುದು ಆ ಪೊಳ್ಳಿನಲ್ಲಿ. ಹೊರಗೆ ಏನೂ ಕಾಣದೆ ಒಳಗೆ ತಂತಿ ಒಂದೊಂದಾಗಿ ತುಂಡಾಗುತ್ತದೆ. ವೇಲ್ಸ್‌ನಲ್ಲಿ 1985ರಲ್ಲಿ ಇದೇ ಬಗೆಯ ಸೇತುವೆಯೊಂದು ಯಾವ ಮುನ್ಸೂಚನೆಯೂ ಇಲ್ಲದೆ ಬಿದ್ದ ಮೇಲೆ, 1992ರಿಂದ ಕೆಲವು ವರ್ಷ ಬ್ರಿಟನ್ ಈ ವಿಧಾನವನ್ನೇ ನಿಲ್ಲಿಸಿತ್ತು.

ಶರಾವತಿಯಲ್ಲಿ ಉಪ್ಪುಗಾಳಿ ಇಲ್ಲ, ಅದು ದೊಡ್ಡ ಅನುಕೂಲ. ಆದರೆ ಮಳೆ ತಿಂಗಳುಗಟ್ಟಲೆ. ಹೊರಗಿನ ಕೇಬಲ್ಲುಗಳಿಗೆ ಇಂದು ಸಾಮಾನ್ಯವಾಗಿ ಮೂರು ಕವಚ: ತಂತಿಗೆ ಸತುವಿನ ಲೇಪ, ಎಳೆಗೆ ಮೇಣ ಮತ್ತು ಪ್ಲಾಸ್ಟಿಕ್ ಹೊದಿಕೆ, ಎಲ್ಲ ಎಳೆಗೂ ಸೇರಿ ಹೊರಗೊಂದು ದಪ್ಪ ಕೊಳವೆ. ಇಷ್ಟಾದರೂ ಕೊಳವೆಯಲ್ಲಿ ಇಳಿದ ಮಳೆನೀರು ಕೊನೆಗೆ ಸೇರುವುದು ಗರ್ಡರಿನ ಬಳಿಯ ಕೆಳ ಆಂಕರಿಗೆ, ಅಂದರೆ ಕೇಬಲ್ಲಿನ ತುದಿಯನ್ನು ಕಚ್ಚಿ ಹಿಡಿದ ಜಾಗಕ್ಕೆ. ಅಲ್ಲಿಯ ರಬ್ಬರ್ ಬೂಟು ಸೀಳಿದ್ದರೆ, ನೀರು ಹೋಗುವ ತೂತು ಕಟ್ಟಿದ್ದರೆ ಕವಚವೇ ನೀರು ಹಿಡಿದಿಡುವ ಪಾತ್ರೆಯಾಗುತ್ತದೆ. ಮಳೆಗಾಲದ ಮುಂಚೆ ಮತ್ತು ಮುಗಿದ ಮೇಲೆ ಆಂಕರಿನ ಮುಚ್ಚಳ ತೆಗೆದು ನೋಡಬೇಕು. ಪೆಟ್ಟಿಗೆ ಗರ್ಡರಿನ ಒಳಗೆ ಟಾರ್ಚ್ ಹಿಡಿದು ನಡೆದು ನೀರಿನ ಕಲೆ, ಬಿರುಕು ಗುರುತಿಸಬೇಕು. ರಸ್ತೆಯ ಮೇಲಿನ ನೀರುತೂಬುಗಳ ಮಣ್ಣು ತೆಗೆಯಬೇಕು. ಸೇತುವೆ ಹಿಗ್ಗಿ ಕುಗ್ಗಲು ಬಿಟ್ಟ ಸಂದಿನ (ಎಕ್ಸ್‌ಪಾನ್ಶನ್ ಜಾಯಿಂಟ್) ರಬ್ಬರು ಹರಿದಿದೆಯೇ ನೋಡಬೇಕು, ಯಾಕೆಂದರೆ ಅಲ್ಲಿ ಸೋರಿದ ನೀರು ನೇರ ಬೇರಿಂಗಿಗೆ (ಕಂಬದ ತಲೆಯಲ್ಲಿ ಗರ್ಡರ್ ಕೂರುವ ಮೆತ್ತೆಗೆ) ಬೀಳುತ್ತದೆ. ಕೆಲವು ವರ್ಷಕ್ಕೊಮ್ಮೆ ಕೇಬಲ್ಲಿನ ಸೆಳೆತ ಅಳೆದು ಉದ್ಘಾಟನೆಯ ದಿನದ ಅಂಕಿಯೊಂದಿಗೆ ಹೋಲಿಸಬೇಕು. ಈ ಕೆಲಸಗಳ ಖರ್ಚು ಸೇತುವೆಯ ಬೆಲೆಯ ಮುಂದೆ ಏನೇನೂ ಅಲ್ಲ. ವರದಿಗಳನ್ನು ಸಾರ್ವಜನಿಕರ ಮುಂದೆ ಇಡಬೇಕೆಂದು ನಾವು ಬಲವಾಗಿ ಒತ್ತಾಯಿಸುತ್ತೇವೆ.

ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ ಇನ್ನೂರು ವರ್ಷ ನಿಂತಿದೆ. ಈಗಿನವು ನೂರು ವರ್ಷ ಎನ್ನುತ್ತಾರೆ. ತಂತ್ರಜ್ಞಾನ ಹಿಂದೆ ಹೋಯಿತೇ?
– ರೈತರು, ಮಂಡ್ಯ

ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರ ಹೊತ್ತಿಗೆ ಮುಗಿದ ಆ ಸೇತುವೆಯಲ್ಲಿ ತುಕ್ಕು ಹಿಡಿಯುವ ವಸ್ತುವೇ ಇಲ್ಲ: ಕಲ್ಲಿನ ಕಂಬ, ಅದರ ಮೇಲೆ ಕಲ್ಲಿನ ತೊಲೆ. ಆದರೆ ಕಲ್ಲಿನ ತೊಲೆ ಕೆಲವೇ ಮೀಟರ್ ಅಂತರ ದಾಟಬಲ್ಲದು, ಆದ್ದರಿಂದ ಕಂಬಗಳ ಕಾಡೇ ಬೇಕು. ಬಂಡೆಯ ಪಾತ್ರದ ಕಾವೇರಿಯಲ್ಲಿ ಅದು ಸಾಧ್ಯ, ಲಿಂಗನಮಕ್ಕಿಯ ಆಳದಲ್ಲಿ ಅಸಾಧ್ಯ. ಕಲ್ಲಿನವೂ ಅಮರವಲ್ಲ, ಶಿವನಸಮುದ್ರದ ಹಳೆಯ ಕಲ್ಲಿನ ಸೇತುವೆಯ ಒಂದು ಭಾಗ 2018ರ ಪ್ರವಾಹಕ್ಕೆ ಕೊಚ್ಚಿಹೋಯಿತು.

ಬೆಂಗಳೂರಿನಿಂದ ಬಂದು ಸಿಗಂದೂರು, ಕೊಲ್ಲೂರು ಎರಡನ್ನೂ ಒಂದೇ ಓಡಾಟದಲ್ಲಿ ನೋಡಬಹುದೇ?
– ಗೃಹಿಣಿ, ಬೆಂಗಳೂರು

ಈಗ ಧಾರಾಳವಾಗಿ. ಸಾಗರದಿಂದ ಆವಿನಹಳ್ಳಿ, ಹೊಳೆಬಾಗಿಲು ಮೇಲೆ ಸೇತುವೆಗೆ ಬನ್ನಿ. ದಾಟಿದ ಮೇಲೆ ಸಿಗಂದೂರು ಹತ್ತಿರವೇ. ದರ್ಶನ ಮುಗಿಸಿ ತುಮರಿ, ಬ್ಯಾಕೋಡು ದಾಟಿ ನಿಟ್ಟೂರು–ನಾಗೋಡಿ ಕಡೆಯಿಂದ ಕೊಲ್ಲೂರಿಗೆ ಇಳಿಯಬಹುದು. ಡೀಸೆಲ್, ಪೆಟ್ರೋಲ್ ಸಾಗರದಲ್ಲೇ ತುಂಬಿಸಿಕೊಳ್ಳಿ. ರಸ್ತೆ ಹಲವು ಕಡೆ ಕಿರಿದು, ತಿರುವು ಹೆಚ್ಚು, ಮೊಬೈಲ್ ಸಿಗ್ನಲ್ ಕೈಕೊಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಗೋಡಿ ಘಟ್ಟವನ್ನು ಹಗಲಲ್ಲೇ ಇಳಿಯುವಂತೆ ಹೊರಡಿ, ಮಂಜು ಕವಿದರೆ ಎದುರಿನ ವಾಹನ ಕಾಣುವುದಿಲ್ಲ. ಸೇತುವೆಯ ಮೇಲೆ ಕಾರು ನಿಲ್ಲಿಸಿ ಫೋಟೊ ತೆಗೆಯಬೇಡಿ. ದಡದಲ್ಲಿ ನಿಲ್ಲಿಸಿ ಕಾಲುದಾರಿಯಲ್ಲಿ ನಡೆದು ಬನ್ನಿ, ನೋಟವೂ ಚೆನ್ನಾಗಿ ಸಿಗುತ್ತದೆ.

ಸೇತುವೆಯಲ್ಲಿ ಏನಾದರೂ ದೋಷ ಕಂಡರೆ ನಮ್ಮಂಥ ಊರವರು ಯಾರಿಗೆ, ಹೇಗೆ ತಿಳಿಸಬೇಕು?
– ಓದುಗರು, ತುಮರಿ

ದಿನಾ ದಾಟುವ ನಿಮ್ಮ ಕಣ್ಣೇ ಮೊದಲ ತಪಾಸಣೆ. ಗಮನಿಸಬೇಕಾದ್ದು: ಜಾಯಿಂಟಿನ ಮೇಲೆ ಚಕ್ರ ಹಾಯುವಾಗ ಸದ್ದು ಹೊಸದಾಗಿ ಜೋರಾಗುವುದು, ಎರಡು ಬದಿ ಮಟ್ಟ ಹೆಚ್ಚುಕಡಿಮೆ ಆಗುವುದು, ಮಳೆ ನಿಂತ ಮೇಲೂ ರಸ್ತೆಯ ಅಂಚಿನಲ್ಲಿ ನೀರು ನಿಲ್ಲುವುದು, ಕೇಬಲ್ಲಿನ ಹೊರ ಕೊಳವೆ ಸೀಳುವುದು, ಗಾಳಿಗೆ ಒಂದೇ ಕೇಬಲ್ಲು ಬೇರೆಯವಕ್ಕಿಂತ ಹೆಚ್ಚು ಅಲುಗುವುದು, ದಡದ ಮಣ್ಣು ಕೂತು ಸೇತುವೆಯ ಬಾಯಲ್ಲಿ ರಸ್ತೆ ತಗ್ಗುವುದು. ಕೊನೆಯದು ಮೊದಲ ಎರಡು ಮೂರು ಮಳೆಗಾಲದಲ್ಲಿ ಬಹುತೇಕ ಎಲ್ಲ ಹೊಸ ಸೇತುವೆಗಳಲ್ಲೂ ಆಗುವಂಥದ್ದು, ಡಾಂಬರು ಹಾಕಿ ಸರಿಪಡಿಸಬಹುದು. ಉಳಿದವನ್ನು ಎಂಜಿನಿಯರೇ ಬಂದು ನೋಡಬೇಕು.

ರಾಷ್ಟ್ರೀಯ ಹೆದ್ದಾರಿಯಾದ್ದರಿಂದ 1033 ಸಹಾಯವಾಣಿಗೆ ಕರೆ ಮಾಡಬಹುದು. ಜೊತೆಗೆ ಹೆದ್ದಾರಿ ವಿಭಾಗದ ಕಾರ್ಯಪಾಲಕ ಎಂಜಿನಿಯರರಿಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಪತ್ರದಲ್ಲಿ ದಿನಾಂಕ, ಅಂಬಾರಗೋಡ್ಲು ಕಡೆಯಿಂದ ಎಷ್ಟನೇ ಕಂಬ ಅಥವಾ ಎಷ್ಟನೇ ಕೇಬಲ್ಲು, ಎಡಬದಿಯೋ ಬಲಬದಿಯೋ ಎಂದು ಬರೆಯಿರಿ. ಫೋಟೊದಲ್ಲಿ ಬಿರುಕಿನ ಪಕ್ಕ ಒಂದು ಸ್ಕೇಲ್ ಇಲ್ಲವೇ ನಾಣ್ಯ ಇಟ್ಟು ತೆಗೆದರೆ ಅಗಲ ಅಳೆಯಲು ಬರುತ್ತದೆ. ಅದೇ ಜಾಗದ ಫೋಟೊ ತಿಂಗಳ ನಂತರ ಮತ್ತೊಮ್ಮೆ ತೆಗೆದು ಕಳಿಸಿ.